ಹಿಸ್ಸಾ ನಂಬರ್ ಮತ್ತು ಪ್ಯಾರಾಮೀಟರ್ ಪುರಾಣ

ಇವತ್ತು ಸ್ವಲ್ಪ ಕೋಡಿನ ಕೊರೆತ. ಕೋಡ್ ಬರೆಯದವರೂ ಓದಬಹುದು, ಪಹಣಿ ತೆಗೆಸಿದ ಅನುಭವ ಇದ್ದರೆ ಸಾಕು :)

ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ನಮ್ಮ 'ಭೂಮಿ'ಯಲ್ಲಿ ಒಂದು ಪಹಣಿ ನೋಡಬೇಕಾದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಇಷ್ಟನ್ನೂ ಕೊಡಬೇಕು. ನಮ್ಮದಾದರೆ ಹಾಸನ, ಹೊಳೆನರಸೀಪುರ, ಹಳೇಕೋಟೆ... ಅಲ್ಲಿವರೆಗೆ ಸಲೀಸು. ಸರ್ನಾಕ್ ಜಾಗದಲ್ಲಿ ಸಾಮಾನ್ಯವಾಗಿ ಬರೀ ಒಂದು * ಕೂತಿರುತ್ತೆ. ಯಾಕೆ ಅಂದರೆ ಊರಲ್ಲಿ "ಅದು ಹಂಗೇಯ" ಅಂತಾರೆ.

ಚಿಕ್ಕಪ್ಪ ಒಮ್ಮೆ ಫೋನ್ ಮಾಡಿ, ಸೊಸೈಟಿ ಸಾಲಕ್ಕೆ ಪಹಣಿ ಬೇಕು ಅಂದರು. ಹಿಸ್ಸಾ ಎಷ್ಟು ಅಂತ ಕೇಳಿದೆ. "ಅದೇ ಕಣ್ಲಾ, ಕೆರೆ ಹಿಂದ್ಗಡೆದು!" ಭಾಗವಾಗಿ, ಪೋಡಿಯಾಗಿ, ಆ ಸರ್ವೆ ನಂಬರಿಗೆ ನಾಲ್ಕು ಹಿಸ್ಸಾ. ಎರಡರಲ್ಲಿ ಚಿಕ್ಕಪ್ಪನದೇ ಹೆಸರು. ಕೊನೆಗೆ ಎಕರೆ-ಗುಂಟೆ ಲೆಕ್ಕ ಕೇಳಿ ಹೊಂದಿಸಿದ್ದಾಯ್ತು. ಆ ಲೆಕ್ಕ ಇರುವುದು ಅವರ ತಲೆಯಲ್ಲಿ ಮಾತ್ರ, ಅವರಿಗೀಗ ಎಪ್ಪತ್ತು ದಾಟಿದೆ.

ವೆಬ್ ಕಂಟ್ರೋಲರ್‌ಗಳೂ ಹೀಗೇ. ಮಾಮೂಲಿ ಫಂಕ್ಷನ್ನಿಗೆ ಏನೇನು ಕೊಡಬೇಕು ಅಂತ ಅದರ ಮೊದಲ ಸಾಲೇ ಹೇಳುತ್ತೆ. ರೈಲ್ಸ್‌ನ ಆಕ್ಷನ್ನಿಗೆ ಆವರಣದೊಳಗೆ ಸಾಮಾನ್ಯವಾಗಿ ಏನೂ ಇರಲ್ಲ. ಬೇಕಾದ್ದನ್ನೆಲ್ಲ 'ಪ್ಯಾರಾಮ್ಸ್' ಅನ್ನೋ ಚೀಲಕ್ಕೆ ಕೈ ಹಾಕಿ ತೆಗೀತಾರೆ, ಅದೂ ಎಲ್ಲೋ ನಲವತ್ತನೇ ಸಾಲಿನಲ್ಲಿ. 2013ರಲ್ಲಿ ರೈಲ್ಸ್ 4 ಜೊತೆ ಸ್ಟ್ರಾಂಗ್ ಪ್ಯಾರಾಮೀಟರ್ಸ್ ಬಂತು. ಯಾವ ಹೆಸರುಗಳಿಗೆ ಒಳಗೆ ಪ್ರವೇಶ ಅಂತ ಬರೆಸಿತು, ಆ ಹೆಸರಿನ ಅರ್ಥ ಬರೆಸಲಿಲ್ಲ.

ನಮ್ಮ ಕೈಗೆ ಬಂದ ಒಂದು ಹಳೇ ಕೋಡಿನಲ್ಲಿ 'ಟೈಪ್' ಅಂತ ಒಂದಿತ್ತು. ಬೆಲೆ 1, 2 ಅಥವಾ 4. ಬರೆದವರು ಕೆಲಸ ಬಿಟ್ಟು ಯಾವುದೋ ಕಾಲವಾಗಿತ್ತು. 4 ಯಾರಿಗೂ ಬೇಡ, ಕಿತ್ತು ಹಾಕೋಣ ಅಂತ ಹೊಸ ಹುಡುಗ ಹೊರಟಿದ್ದ. ಲಾಗ್ ನೋಡಿದರೆ ದಿನಾ ಬೆಳಗಿನ ಜಾವ ಯಾವುದೋ ಸರ್ವರಿನಿಂದ 4 ಬರ್ತಾನೇ ಇದೆ! ಒಂದು ಗಿರಾಕಿಯ ಇಡೀ ದಿನದ ಬಿಲ್ಲಿಂಗ್ ಅದರ ಮೇಲೇ ನಿಂತಿತ್ತು.

ಈಗ ಪ್ರತಿ ಆಕ್ಷನ್ನಿನ ತಲೆ ಮೇಲೆ ಕಾಮೆಂಟ್ ಬರೀತೀವಿ. ಹೆಸರು, ಕಡ್ಡಾಯವೋ ಅಲ್ಲವೋ, ಒಪ್ಪುವ ಬೆಲೆಗಳು. ಖಾಲಿ ಬಂದರೆ ಏನು, ಬರದೇ ಇದ್ದರೆ ಏನು (ಎರಡೂ ಬೇರೆ ಬೇರೆ ಸ್ವಾಮಿ). ಜೊತೆಗೆ, ಅದನ್ನು ಕಳಿಸೋರು ಯಾರು. ಈ ಕೊನೆಯದನ್ನು ಬರೆಯೋರು ಕಡಿಮೆ, ನನಗಂತೂ ಅದೇ ಎಲ್ಲಕ್ಕಿಂತ ಮುಖ್ಯ. ಓಪನ್‌ಎಪಿಐ ಥರದ ದೊಡ್ಡ ವ್ಯವಸ್ಥೆಗಳಿವೆ ನಿಜ, ಆದರೆ ಬೇರೆ ಕಡತದಲ್ಲಿರೋ ದಾಖಲೆ ಬೇಗ ಹಳಸುತ್ತೆ.

ಹೊಸ ಹುಡುಗ 4ರ ಕಾಮೆಂಟನ್ನು ಕನ್ನಡದಲ್ಲೇ ಬರೆದಿದ್ದಾನೆ: "ಮುಟ್ಟಬೇಡಿ, ಬೆಳಗಿನ ಜಾವ ಬರುತ್ತೆ."