ಖಾಲಿ ಕಾರಿನಲ್ಲಿ ಸರಿಯಿದ್ದ ಚಕ್ರ

ಕಾರಿಗೆ ಅಲಾಯ್ ವೀಲ್ ಹಾಕಿಸಬೇಕು ಅನ್ನೋದು ನನ್ನ ಮೂರು ವರ್ಷದ ಆಸೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಸ್ವಿಫ್ಟ್, 15 ಇಂಚಿನ ಚಕ್ರ. ಪಾರ್ಕಿಂಗ್‌ನಲ್ಲಿ ನಿಂತಾಗ ಟೈರ್‌ಗಳು ಬಾಡಿಯೊಳಗೆ ಅವಿತುಕೊಂಡ ಹಾಗೆ ಕಾಣ್ತಿದ್ದವು. ಕಳೆದ ವರ್ಷ ಬೋನಸ್ ಬಂದ ವಾರವೇ ಅಂಗಡಿಗೆ ಹೋದೆ. 16 ಇಂಚಿನ ಕಪ್ಪು ರಿಮ್, ಅಗಲವಾದ 205/55 ಟೈರ್. ಹಾಕಿದ ಮೇಲೆ ನೋಡಿದರೆ ಕಾರು ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗಿತ್ತು. "ನಟ್ ಎಲ್ಲಾ ಕರೆಕ್ಟಾಗಿ ಕೂತಿದೆ ಸರ್, ಏನೂ ತೊಂದ್ರೆ ಇಲ್ಲ" ಅಂದರು. ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹಾಕಿದೆ. ಎಲ್ಲೂ ತಾಗಲಿಲ್ಲ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಮುಂದಿನ ತಿಂಗಳು ಬೆಂಗಳೂರಿನಲ್ಲೇ ಅಕ್ಕನ ಸೀಮಂತ. ಮುಗಿಸಿಕೊಂಡು ಅವಳನ್ನು ಬಾಣಂತನಕ್ಕೆ ಹಾಸನಕ್ಕೆ ಕರೆದುಕೊಂಡು ಹೋಗಬೇಕಿತ್ತು. ನನ್ನ ಕಾರಲ್ಲೇ ಹೋಗೋಣ ಅಂತ ಹಠ ಮಾಡಿದ್ದು ನಾನೇ. ಮುಂದೆ ಅಪ್ಪ, ಹಿಂದೆ ಅಮ್ಮ, ಅಕ್ಕ, ಭಾವ. ಡಿಕ್ಕಿ ತುಂಬ ಸೂಟ್‌ಕೇಸು, ಮಡಿಲಕ್ಕಿ, ಹಣ್ಣಿನ ಬುಟ್ಟಿ.

ಮೊದಲ ಹಂಪ್‌ನಲ್ಲೇ ಹಿಂದಿನಿಂದ 'ಸರ್ರ್' ಅಂತ ಸದ್ದು ಬಂತು. ನಾನು ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದೆ. ಕುಣಿಗಲ್ ದಾಟಿದ ಮೇಲೆ ಅಕ್ಕ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ" ಅಂದಳು. ಯಡಿಯೂರಿನಲ್ಲಿ ನಿಲ್ಲಿಸಿದೆ.

ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಹೊರ ಅಂಚಿನ ಮೇಲೆ ಬೆರಳಾಡಿಸಿದರು. ಚಾಕುವಿನಲ್ಲಿ ಗೀರಿದ ಹಾಗೆ ಸುತ್ತಲೂ ಗೆರೆ. ಒಂದು ಕಡೆ ಒಳಗಿನ ನೂಲೇ ಕಾಣ್ತಿತ್ತು. ಅಪ್ಪ ಕೇಳಿದ್ದು ಒಂದೇ ಮಾತು: "ಲೋಡ್ ಹಾಕಿ ನೋಡಿದ್ಯೇನೋ?"

ಭಾವ ಟ್ಯಾಕ್ಸಿ ಮಾಡಿಕೊಂಡು ಅಮ್ಮ, ಅಕ್ಕನನ್ನು ಕರೆದುಕೊಂಡು ಹೋದರು. ನೂಲು ಬಿಟ್ಟ ಟೈರ್ ತೆಗೆದು ಸ್ಟೆಪ್ನಿ ಹಾಕಿ, ಖಾಲಿ ಕಾರನ್ನು ನಾನು, ಅಪ್ಪ 40ರ ವೇಗದಲ್ಲಿ ಊರು ಮುಟ್ಟಿಸಿದೆವು. ದಾರಿಯುದ್ದಕ್ಕೂ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಫೀಸಿನಲ್ಲಿ ಯಾರಾದರೂ "ನನ್ನ ಸಿಸ್ಟಮ್‌ನಲ್ಲಿ ಓಡ್ತಿದೆಯಲ್ಲ" ಅಂದ್ರೆ ನಾವೆಲ್ಲ ನಗ್ತೀವಿ. ನಾನು ಮಾಡಿದ್ದೂ ಅದೇ. ಒಬ್ಬನೇ ಕೂತು, ಸಪಾಟು ರಸ್ತೆಯಲ್ಲಿ ಓಡಿಸಿ ಪಾಸ್ ಅಂದುಕೊಂಡಿದ್ದೆ. ದುಡ್ಡು ಕೊಡುವ ಮೊದಲು ಮಾಡಬೇಕಿದ್ದ ಲೆಕ್ಕವನ್ನು ಆ ರಾತ್ರಿ ಮಾಡಿದೆ.

ಮೊದಲನೆಯದು ಚಕ್ರದ ಎತ್ತರ. ನನ್ನ ಹಳೆಯ ಟೈರ್ 185/65 R15. ಅಂದ್ರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ರಿಮ್ 15 ಇಂಚು. ಒಟ್ಟು ವ್ಯಾಸ 621.5 ಮಿ.ಮೀ. ಇದೇ ಕಾರಿನ ಕೆಳಗಿನ ಮಾಡೆಲ್‌ಗೆ ಕಂಪನಿಯವರೇ ಕೊಡುತ್ತಿದ್ದ 165/80 R14ರ ವ್ಯಾಸ 619.6. ರಿಮ್ ಒಂದು ಇಂಚು ಬದಲಾದರೂ ಚಕ್ರದ ಎತ್ತರದಲ್ಲಿ ವ್ಯತ್ಯಾಸ 2 ಮಿ.ಮೀ. ಅಷ್ಟೇ. ರಿಮ್ ದೊಡ್ಡದಾದಷ್ಟೂ ಟೈರಿನ ಗೋಡೆ ಗಿಡ್ಡ ಆಗಬೇಕು, ಅದೇ ಸೂತ್ರ. 16 ಇಂಚೇ ಬೇಕಿದ್ದರೆ 195/55 ಹತ್ತಿರ ಬರುತ್ತಿತ್ತು, 620.9. ನಾನು ಹಾಕಿಸಿದ್ದು 631.9. ಟೈರ್ ಮತ್ತು ಫೆಂಡರ್ ನಡುವಿನ ಜಾಗದಲ್ಲಿ 5 ಮಿ.ಮೀ. ಅಲ್ಲೇ ಹೋಯಿತು.

ಎರಡನೆಯದು ಆಫ್‌ಸೆಟ್. ಅಂಗಡಿಯಲ್ಲಿ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಿಮ್‌ನ ಒಳಭಾಗದಲ್ಲಿ 'ಇಟಿ' ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತೆ. ರಿಮ್‌ನ ಅಗಲದ ನಟ್ಟನಡುವಿನಿಂದ, ಅದು ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ದೂರ ಇದೆ ಅನ್ನೋದೇ ಆ ಅಂಕಿ. ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತೆ.

ನನ್ನ ಹೊಸ ರಿಮ್ ಹಳೆಯದಕ್ಕಿಂತ ಒಂದೂವರೆ ಇಂಚು ಅಗಲ, ಅಂದ್ರೆ 38 ಮಿ.ಮೀ. ಅದರಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ: ತಲಾ 19. ಆಫ್‌ಸೆಟ್ 15 ಕಡಿಮೆ ಇದ್ದದ್ದರಿಂದ ಇಡೀ ಚಕ್ರ ಇನ್ನೂ 15 ಹೊರಕ್ಕೆ ಸರಿದಿತ್ತು. ಒಟ್ಟು ಹೊರ ಅಂಚು 34 ಮಿ.ಮೀ. ಹೊರಗೆ, ಒಳ ಅಂಚು 4 ಮಿ.ಮೀ. ಒಳಗೆ. ಕಾರು ಖಾಲಿ ಇದ್ದಾಗ ಟೈರು ಫೆಂಡರ್‌ನ ಅಂಚಿಗಿಂತ ಕೆಳಗೇ ಇತ್ತು. ಹಿಂದೆ ಮೂರು ಜನ ಕೂತು ಸಸ್ಪೆನ್ಶನ್ ಕುಗ್ಗಿದಾಗ ಅದೇ ಅಂಚು ಚಾಕುವಾಯಿತು. ತಾಗದೇ ಇದ್ದರೂ, ಚಕ್ರ ಹೀಗೆ ಹೊರಗೆ ಬಂದರೆ ವೀಲ್ ಬೇರಿಂಗ್ ಮೇಲೆ ಭಾರ ಜಾಸ್ತಿ.

ಆ ಸೆಟ್ ಅರ್ಧ ಬೆಲೆಗೆ ಮಾರಿದೆ. ಎರಡನೇ ಸಲ ಅಂಗಡಿಗೆ ಹೋಗುವಾಗ ಹಳೆಯ ರಿಮ್ ಒಂದನ್ನು ಜೊತೆಗೇ ಒಯ್ದೆ. ನಟ್ ತೂತುಗಳ ಅಳತೆ 4x100 ಇರೋದು ಎಷ್ಟೋ ಕಾರುಗಳಲ್ಲಿ. ಅದು ಕೂತ ಮಾತ್ರಕ್ಕೆ ಚಕ್ರ ಸರಿ ಅಂತಲ್ಲ. ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದರೆ ರಿಂಗ್ ಹಾಕಿಸಬೇಕು, ಇಲ್ಲದಿದ್ದರೆ ಸ್ಟೇರಿಂಗ್ ನಡುಗಬಹುದು. ಟೈರ್ ಮೇಲೆ ಸೈಜ್ ಆದ ಮೇಲೆ 88 ಅಂತ ಇದ್ದರೆ ಒಂದು ಟೈರ್ 560 ಕೆ.ಜಿ. ಹೊರುತ್ತೆ ಅಂತ ಅರ್ಥ. ಮೂಲ ಟೈರಿಗಿಂತ ಆ ಅಂಕಿ ಕಡಿಮೆ ಇರಬಾರದು. ಕಾರಿನ ಮ್ಯಾನ್ಯುಯಲ್‌ನಲ್ಲಿ ಇಲ್ಲದ ಸೈಜ್ ಹಾಕಿದರೆ ಇನ್ಶೂರೆನ್ಸ್ ಕ್ಲೇಮ್ ವೇಳೆ ತಕರಾರು ಬರಬಹುದು ಅನ್ನೋದೂ ತಲೆಯಲ್ಲಿರಲಿ. ಕೊನೆಗೆ ನಾನು ತಗೊಂಡದ್ದು 15 ಇಂಚಿನ ಅಲಾಯ್: ಹಳೆಯದೇ ಅಗಲ, ಹಳೆಯದೇ ಆಫ್‌ಸೆಟ್, 185/65 ಟೈರ್. ಪೈಲ್ವಾನ್ ಲುಕ್ ಇಲ್ಲ.

ಅಕ್ಕ, ಪಾಪುವನ್ನು ಬೆಂಗಳೂರಿಗೆ ಬಿಡಲು ಹೊರಡುವ ಹಿಂದಿನ ದಿನ ಅಪ್ಪ ಅಂಗಡಿಯಿಂದ 25 ಕೆ.ಜಿ.ಯ ಎಂಟು ಅಕ್ಕಿ ಮೂಟೆ ಕೇಳಿ ತಂದರು. ಆರು ಹಿಂದಿನ ಸೀಟಿಗೆ, ಎರಡು ಡಿಕ್ಕಿಗೆ. ಮುಂದೆ ತಾವೇ ಕೂತರು. ಬಡಾವಣೆಯ ಹಂಪ್‌ಗಳ ಮೇಲೆ ಮೂರು ಸಲ ಹೋಗಿ ಬಂದೆವು. ಸದ್ದಿಲ್ಲ. ಇಳಿದು ನಾಲ್ಕೂ ಟೈರಿನ ಅಂಚು ಮುಟ್ಟಿ ನೋಡಿದ ಮೇಲೆ ಅಪ್ಪ, "ಈಗ ಮಗು ಕೂರಿಸು" ಅಂದರು.