ತಂದೆಯ ಹಾಡಿನ ಊರು

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಿಂದ ದಕ್ಷಿಣಕ್ಕೆ, ಮೆಕ್ಸಿಕೋ ಗಡಿಯತ್ತ ಹೊರಟ ಪ್ರವಾಸಿಗನಿಗೆ ದಾರಿಯಲ್ಲೊಂದು ಸೋಜಿಗ ಕಾದಿರುತ್ತದೆ. ಉಳಿದ ದೇಶವೆಲ್ಲ ಮೈಲಿಗಳಲ್ಲಿ ದೂರ ಎಣಿಸುವಾಗ, ಈ ಹೆದ್ದಾರಿಯ ಫಲಕಗಳು ಬಹುಪಾಲು ಕಿಲೋಮೀಟರುಗಳಲ್ಲಿವೆ. ಆಳೆತ್ತರ ಮೀರಿದ ಸಗ್ವಾರೋ ಕಳ್ಳಿಗಳು ಕೈಯೆತ್ತಿ ನಿಂತ ಬಯಲನ್ನು ಹಾದು ಸುಮಾರು 100 ಕಿಲೋಮೀಟರು ಸಾಗಿದರೆ ನೊಗಾಲೆಸ್. ಊರು ಎರಡು, ಹೆಸರು ಒಂದೇ. ನಡುವೆ ಉಕ್ಕಿನ ಕಂಬಗಳ ಗೋಡೆ. ರಹದಾರಿಯಿಲ್ಲದ ಬಂಧುಗಳು ಆ ಕಂಬಗಳ ಸಂದಿನಲ್ಲೇ ಕ್ಷೇಮಸಮಾಚಾರ ಆಡಿಕೊಂಡದ್ದುಂಟು.

ಗೆರೆ ಇಲ್ಲಿಗೆ ತಡವಾಗಿ ಬಂದದ್ದು. ಟೂಸಾನ್ ಹಿಂದೆ ಮೆಕ್ಸಿಕೋದ ಸೊನೋರಾಕ್ಕೆ ಸೇರಿತ್ತು. 1854ರಲ್ಲಿ ಸ್ಥಿರಗೊಂಡ ಒಪ್ಪಂದದಂತೆ 1 ಕೋಟಿ ಡಾಲರು ತೆತ್ತು ಅಮೆರಿಕ ಈ ಸೀಮೆಯನ್ನು ಕೊಂಡಿತು. ಮನೆಯ ಹೊಸ್ತಿಲು ದಾಟದವರೂ ಬೇರೊಂದು ದೇಶದಲ್ಲಿದ್ದರು!

ಗೆರೆ ಬಿದ್ದ ಮೇಲೂ ಸೊನೋರಾದವರ ಬರಹೋಗು ನಿಲ್ಲಲಿಲ್ಲ. 1882ರಲ್ಲಿ 14 ವರ್ಷದ ಹುಡುಗನೊಬ್ಬ ಗಾಡಿ ಕಟ್ಟುವ ಕಸುಬು ಕಲಿಯಲೆಂದು ಟೂಸಾನಿಗೆ ಬಂದ. ಹೆಸರು ಫೆಡೆರಿಕೋ ರಾನ್‌ಸ್ಟಾಟ್. ತಂದೆ ಜರ್ಮನಿಯವನು, ತಾಯಿ ಮೆಕ್ಸಿಕೋದವಳು. ಗಾಡಿಗಳ ಜೊತೆಗೆ ಆತ ಊರಿಗೊಂದು ವಾದ್ಯಮೇಳವನ್ನೂ ಕಟ್ಟಿದ.

ಆತನ ಮೊಮ್ಮಗಳೇ ಗಾಯಕಿ ಲಿಂಡಾ ರಾನ್‌ಸ್ಟಾಟ್. ಇಂಗ್ಲಿಷ್ ಗೀತೆಗಳಿಂದ ಲೋಕಪ್ರಸಿದ್ಧರಾದ ಆಕೆ 1987ರಲ್ಲಿ ‘ಕಾನ್ಸಿಯೋನೆಸ್ ದೆ ಮಿ ಪಾದ್ರೆ’, ಅಂದರೆ ‘ನನ್ನ ತಂದೆಯ ಹಾಡುಗಳು’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಸೋದರತ್ತೆ ಲೂಯಿಸಾ ಎಸ್ಪಿನೆಲ್ 1946ರಲ್ಲಿ ಪ್ರಕಟಿಸಿದ್ದ ಹಾಡಿನ ಪುಸ್ತಕದ ಹೆಸರೂ ಅದೇ. ಸ್ವಾರಸ್ಯವೆಂದರೆ, ಲಿಂಡಾ ಅವರಿಗೆ ಸ್ಪ್ಯಾನಿಷ್ ಮಾತು ಸರಾಗವಿರಲಿಲ್ಲ. ಟೂಸಾನಿನ ಮನೆಯಲ್ಲಿ ಮಾತು ಇಂಗ್ಲಿಷಿನದು, ಹಾಡು ಸ್ಪ್ಯಾನಿಷಿನದು. ತಂದೆ ಗಿಲ್ಬರ್ಟ್ ಹಾಡುತ್ತಿದ್ದ ಪದಗಳನ್ನು ಮಕ್ಕಳು ಕಿವಿಯಿಂದಲೇ ಕಲಿತರು. ಮರಿಯಾಚಿ ಮೇಳದ ಪಿಟೀಲು, ಕಹಳೆ, ಗಿಟಾರುಗಳ ನಡುವೆ ಆಕೆಯ ಕಂಠ ಏರುವಾಗ ಕೇಳಿಬರುವುದು ಆ ಕಲಿಕೆಯೇ. ಇಂಥವನ್ನು ಯಾರು ಕೊಂಡಾರು ಎಂದು ವ್ಯಾಪಾರ ಬಲ್ಲವರು ಅಳುಕಿದ್ದರು. ಅಮೆರಿಕದಲ್ಲೇ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು! ಮನೆಯಂಗಳದ ಪದಗಳಿಗೆ ಇದು ಸಾಮಾನ್ಯ ಮನ್ನಣೆಯೇ?

ಗಡಿಯಾಚೆ ಸೊನೋರಾ ನದಿಯ ಕಣಿವೆಯಲ್ಲಿ ಬನಾಮಿಚಿ ಎಂಬ ಪುಟ್ಟ ಊರಿದೆ. ಲಿಂಡಾ ಅವರ ಹಿರಿಯರು ಬಾಳಿದ ಊರು. 2019ರಲ್ಲಿ ಆಕೆ ಅಲ್ಲಿಗೆ ಬಂದಾಗ ಕಂಠ ಉಡುಗಿಹೋಗಿತ್ತು. ಮಿದುಳಿನ ಕಾಯಿಲೆಯಿಂದ ಇನ್ನು ಹಾಡಲಾರೆನೆಂದು 2013ರಲ್ಲೇ ತಿಳಿಸಿದ್ದರು. ಜೊತೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಮೆಕ್ಸಿಕನ್ ಮನೆತನಗಳ ಮಕ್ಕಳಿದ್ದರು. ಊರ ಚೌಕದಲ್ಲಿ ಆ ಮಕ್ಕಳು ಹಾಡಿ ಕುಣಿದರು. ಆಕೆ ಕುಳಿತು ಕೇಳಿದರು.