ಮೆಚ್ಚಿದ್ದು ಪುಸ್ತಕವನ್ನೋ, ನನ್ನನ್ನೋ?

ರೋಶನಿ ಚೋಕ್ಷಿಯವರ ‘ಅರು ಶಾ ಅಂಡ್ ದಿ ಎಂಡ್ ಆಫ್ ಟೈಮ್’ ನನಗೆ ತುಂಬ ಹಿಡಿಸಿತು. ಎಳೆಯರಿಗೆಂದು ಬರೆದ ಕಾದಂಬರಿಯನ್ನು ತಲೆ ನರೆತವರು ಮೆಚ್ಚಿದರೆ ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಸಿಕ್ಕವರಿಗೆಲ್ಲ ‘ಓದಿ, ಓದಿ’ ಎನ್ನುತ್ತ ಹೋದಂತೆ ಒಳಗೊಂದು ಅನುಮಾನ ಹುಟ್ಟಿತು. ನಾನು ಕೊಂಡಾಡುತ್ತಿರುವುದು ಪುಸ್ತಕವನ್ನೋ, ಅದನ್ನು ಓದುವಾಗ ನನಗೆ ನಾನೇ ಕಂಡ ಚಂದವನ್ನೋ?

2018ರಲ್ಲಿ ಬಂದ ಕಾದಂಬರಿ ಇದು. ಗ್ರೀಕ್ ದೇವತೆಗಳನ್ನು ಇಂದಿನ ಅಮೆರಿಕಕ್ಕೆ ಇಳಿಸಿ ಪರ್ಸಿ ಜಾಕ್ಸನ್ ಕಥೆಗಳನ್ನು ಬರೆದ ರಿಕ್ ರಿಯೊರ್ಡನ್, ಬೇರೆ ಬೇರೆ ಪುರಾಣಗಳ ಹಿನ್ನೆಲೆಯ ಲೇಖಕರಿಗಾಗಿ ಆರಂಭಿಸಿದ ಮಾಲೆಯ ಮೊದಲ ಪುಸ್ತಕ. ಅಟ್ಲಾಂಟಾದ ಭಾರತೀಯ ಕಲಾ ಮ್ಯೂಸಿಯಂನಲ್ಲಿ ತಾಯಿಯೊಂದಿಗೆ ವಾಸಿಸುವ ಹನ್ನೆರಡರ ಹುಡುಗಿ ಅರು, ಸಹಪಾಠಿಗಳೆದುರು ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ಹಚ್ಚಬಾರದ ದೀಪವೊಂದನ್ನು ಹಚ್ಚುತ್ತಾಳೆ. ಬಂಧನದಲ್ಲಿದ್ದ ದುಷ್ಟಶಕ್ತಿ ಹೊರಬರುತ್ತದೆ, ತಾಯಿ ನಿಂತಲ್ಲೇ ಸ್ತಬ್ಧಳಾಗುತ್ತಾಳೆ. ಆಮೇಲೆ ತಿಳಿಯುತ್ತದೆ: ಅರುವಿನೊಳಗಿರುವುದು ಅರ್ಜುನನ ಆತ್ಮ, ಜೊತೆಗಾತಿ ಮಿನಿಯೊಳಗೆ ಧರ್ಮರಾಯನದು. ದಾರಿ ತೋರಿಸಲು ಸಿಡುಕು ಸ್ವಭಾವದ ಒಂದು ಪಾರಿವಾಳ.

ಇಲ್ಲಿಂದಲೇ ನನ್ನ ಬೀಗುವಿಕೆ ಶುರುವಾದದ್ದು. ಅರುವಿನ ಕೈಗೆ ಚಿನ್ನದ ಚೆಂಡೊಂದು ಬಂದ ಕೂಡಲೇ ‘ಇಂದ್ರನ ಮಗಳಲ್ಲವೇ, ಇದು ವಜ್ರಾಯುಧವೇ’ ಎಂದುಕೊಂಡೆ. ಪಾರಿವಾಳದ ಹಿಂದಿನ ಜನ್ಮದ ಸುಳಿವು ಸಿಕ್ಕಾಗಲೂ ಅಷ್ಟೇ. ಲೇಖಕಿ ಏನೂ ಅರಿಯದ ಮಗುವಿಗಾಗಿ ಇಟ್ಟ ಒಗಟುಗಳನ್ನು ನಾನು ಮೊದಲೇ ಬಿಡಿಸಿ, ನನ್ನ ಉತ್ತರಪತ್ರಿಕೆಗೆ ನಾನೇ ಅಂಕ ಹಾಕಿಕೊಳ್ಳುತ್ತಿದ್ದೆ. ಆ ಅಂಕಗಳು ಸಲ್ಲಬೇಕಾದ್ದು ಬಾಲ್ಯದಲ್ಲಿ ಭಾರತದ ಕಥೆ ಹೇಳಿದ ಹಿರಿಯರಿಗೆ, ರಾತ್ರಿಯಿಡೀ ನೋಡಿದ ಯಕ್ಷಗಾನಕ್ಕೆ, ಕೂತು ಕೇಳಿದ ತಾಳಮದ್ದಳೆಯ ಅರ್ಥಧಾರಿಗಳಿಗೆ. ಚೋಕ್ಷಿಯವರಿಗಲ್ಲ.

ಹಾಗಾಗಿ ಗುರುತು ಹಿಡಿದ ಖುಷಿಯನ್ನೆಲ್ಲ ಕಳೆದು, ಉಳಿಯುವುದೇನು ಎಂದು ನೋಡಿದೆ. ಉಳಿದದ್ದು ಕಡಿಮೆಯೇನಲ್ಲ.

ಮೊದಲನೆಯದು ಅರುವಿನ ಸುಳ್ಳು. ವೀರನ ಆತ್ಮ ಹೊತ್ತವಳು ಶ್ರೀಮಂತ ಸಹಪಾಠಿಗಳ ನಡುವೆ ಮರ್ಯಾದೆ ಉಳಿಸಿಕೊಳ್ಳಲು ಕಥೆ ಕಟ್ಟುತ್ತಾಳೆ. ಇಕ್ಕಟ್ಟಿನಲ್ಲಿ ಆ ಕಥೆ ಕಟ್ಟುವ ಜಾಣ್ಮೆಯೇ ಕೈಹಿಡಿಯುತ್ತದೆ. ಲೇಖಕಿ ಅವಳನ್ನು ತಿದ್ದಲು ಆತುರಪಡುವುದಿಲ್ಲ. ಎರಡನೆಯದು ಮಿನಿ. ಧರ್ಮರಾಯನ ಆತ್ಮ ಹೊತ್ತು ಕ್ರಿಮಿಗೂ ಅಂಜುವ ಹುಡುಗಿ. ಅಂಜುತ್ತಲೇ ಅರುವಿನ ಜೊತೆ ಹೆಜ್ಜೆ ಹಾಕುತ್ತಾಳೆ. ಮೂರನೆಯದು ಆ ಪಾರಿವಾಳ, ಅದು ಶಕುನಿ. ನಮ್ಮ ಜನಪದರ ಬಾಯಲ್ಲಿ ಶಕುನಿ ಕೌರವರ ಮೇಲೆ ಸೇಡು ತೀರಿಸಲೆಂದೇ ಅವರ ಮನೆ ಹೊಕ್ಕವನು. ಇಲ್ಲಿ ಅವನು, ತಾನು ಹಾಳುಮಾಡಿದ ಪಾಂಡವರನ್ನೇ ಮತ್ತೊಂದು ಜನ್ಮದಲ್ಲಿ ಕಾಯಬೇಕಾದ ಶಾಪಗ್ರಸ್ತ. ಇದನ್ನು ನಾನು ಎಣಿಸಿರಲಿಲ್ಲ. ಗೊತ್ತಿದ್ದ ಕಥೆಯೇ ನನ್ನನ್ನು ಬೆಚ್ಚಿಸಿದ್ದು ಇಲ್ಲಿ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಚುರುಕಾಗಿ ಚುಚ್ಚುತ್ತದೆ. ಅರ್ಜುನನನ್ನು ಸ್ಪೈಡರ್‌ಮ್ಯಾನ್ ಪೈಜಾಮ ತೊಟ್ಟ ಹುಡುಗಿಯನ್ನಾಗಿಸಿದ ಕಾದಂಬರಿ ಕನ್ನಡದಲ್ಲಿ ಬಂದಿದ್ದರೆ ಇಷ್ಟೇ ಧಾರಾಳವಾಗಿ ಓದುತ್ತಿದ್ದೆನೇ? ಇಲ್ಲ ಎಂದೇ ತೋರುತ್ತದೆ. ‘ಮೂಲದಲ್ಲಿ ಹೀಗಿಲ್ಲ’ ಎಂಬ ಮಾತು ನಾಲಗೆಯ ತುದಿಗೆ ಬಂದಿರುತ್ತಿತ್ತು. ಪಂಪ ಸುಮಾರು ಕ್ರಿ.ಶ. 941ರಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿ, ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡವನು. ಅವನ ಆ ಸ್ವಾತಂತ್ರ್ಯಕ್ಕೆ ತಲೆದೂಗುವ ನಾನು, ಇಂದಿನ ಕನ್ನಡದ ಲೇಖಕಿಯೊಬ್ಬಳಿಗೆ ಅದನ್ನೇ ಕೊಡಲು ಲೆಕ್ಕ ಹಾಕುತ್ತೇನೆ. ದೂರದಿಂದ, ಇಂಗ್ಲಿಷಿನಲ್ಲಿ ಬಂದದ್ದಕ್ಕೆ ಮಾತ್ರ ರಿಯಾಯಿತಿ. ಇದು ಹೃದಯವೈಶಾಲ್ಯವಲ್ಲ, ‘ಅವರಿಗೆ ಇಷ್ಟಾದರೂ ಗೊತ್ತಿದೆಯಲ್ಲ’ ಎಂಬ ಒಳಗಿನ ಹಮ್ಮು.

ಪುಸ್ತಕದಲ್ಲಿ ಕೊರತೆ ಇಲ್ಲವೆಂದಲ್ಲ. ಮಾತಿಗೊಂದು ನಗೆಚಟಾಕಿ, ಓಟ ಎಷ್ಟು ಜೋರೆಂದರೆ, ಕುರುಕ್ಷೇತ್ರ ಮುಗಿದ ಮೇಲೆ ಉಳಿಯುವ ಆ ದುಃಖಕ್ಕೆ ಇಲ್ಲಿ ಕೂರಲು ಜಾಗವಿಲ್ಲ. ಆದರೆ ಆ ದುಃಖವನ್ನು ಹನ್ನೆರಡರ ಮಗುವಿಗೆ ಇಂದೇ ಹೊರಿಸಬೇಕೆಂಬ ನನ್ನ ಹಟದಲ್ಲೂ ದೊಡ್ಡವರ ಗರ್ವವಿದೆ.

ಆದ್ದರಿಂದ ನನ್ನ ಮೆಚ್ಚುಗೆಯನ್ನು ಹಿಂತೆಗೆದುಕೊಳ್ಳುತ್ತಿಲ್ಲ. ಅರುವಿನ ಸುಳ್ಳಿಗೆ, ಮಿನಿಯ ಅಂಜಿಕೆಗೆ, ಶಕುನಿಯ ಪ್ರಾಯಶ್ಚಿತ್ತಕ್ಕೆ ಅದನ್ನು ಮೀಸಲಿಡುತ್ತಿದ್ದೇನೆ. ಮನೆಯಲ್ಲಿ ಮಕ್ಕಳಿದ್ದರೆ ಈ ಪುಸ್ತಕ ಅವರ ಕೈಗೆ ಕೊಡಿ. ಪಕ್ಕದಲ್ಲಿ ಕೂತು ‘ಮೂಲದಲ್ಲಿ ಹೀಗಿಲ್ಲ’ ಎನ್ನಬೇಡಿ. ಮೂಲದಲ್ಲಿ ಹೇಗಿದೆ ಎಂದು ಅವರೇ ಕೇಳಿದ ದಿನ, ನಿಮಗೆ ಗೊತ್ತಿರುವ ಕಥೆ ಹೇಳಿ.